ಯಾರ ಪೈಕಿ

ಹೆರಿಗೆಯಲ್ಲಿ ಸೊಸೆ ತೀರಿಕೊಂಡು ಹದಿನೆಂಟು ದಿನವಾಗಿತ್ತು. ದುಂಡಪ್ಪನವರು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಕೌಜಲಗಿಯ ಬಸ್ಸಿಗೆ ಕಾಯುತ್ತ ಕುಳಿತಿದ್ದರು. ತುಟಿ ಶಿವನಾಮ ಹೇಳುತ್ತಿತ್ತು, ಮನಸ್ಸು ಎಲ್ಲಿಯೂ ಇರಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕನೂ ನರ್ಸಬಾಯಿಯರ ಬಿಳಿ ಸೀರೆಯುಟ್ಟ ಅವನ ಮಗಳು ಸತ್ತೆವ್ವನೂ ಮಾತಾಡುತ್ತಿದ್ದರು.

“ಸತ್ತೆವ್ವಾ, ನೀ ಕೆಲಸಕ್ಕ ಹೊಂಟ ಬಾಗೇವಾಡ್ಯಾಗ ದೊಡ್ಡ ಮನಿಗೋಳು ಅದಾವು. ನಮ್ಮನ್ನ ಹೊಸ್ತಿಲ ದಾಟಗೊಡೂದಿಲ್ಲ.”

“ಹಡಿಯಾಕತ್ತಾಕಿ ಒಳಗಿರ್ತಾಳ. ನಾ ಹೊರಗ ನಿಂತು ಏನ್ ಮಾಡ್ಲಿ ಅಪ್ಪಾ?”

“ಯಾರ ಪೈಕಿ ಅಂತ ಕೇಳ್ತಾರವಾ.”

“ದವಾಖಾನಿ ಪೈಕಿ ಅಂತೀನಿ.”

“ಅಷ್ಟಕ್ಕ ಬಿಡ್ತಾರೇನ? ಅಪ್ಪನ ಹೆಸರ ಕೇಳ್ತಾರ. ನನ್ನ ಹೆಸರ ಹೇಳಬ್ಯಾಡ.”

“ಮಿರಜಿನಾಗ ಮೂರು ವರ್ಷ ಕಲಿತು ಪಾಸಾಗೀನಿ. ನರ್ಸಬಾಯಿಗೋಳ ರಜಿಸ್ಟರದಾಗ ನನ್ನ ಹೆಸರಿನ ಮುಂದ ನಿನ್ನ ಹೆಸರ ಬರದಾರ. ಇನ್ನ ಅಳಸಾಕ ಬರೂದಿಲ್ಲ.”

“ಖರೇನ? ಚಪ್ಪಲಿ ಹೊಲಿಯಾವನ ಹೆಸರ?” ಮುದುಕ ನಕ್ಕುಬಿಟ್ಟ.

ಬಾಗೇವಾಡಿಯ ಬಸ್ಸು ಬಂತು. ಏಳುತ್ತಿದ್ದ ಮಗಳು ದುಂಡಪ್ಪನವರ ಮುಖ ನೋಡಿ ನಿಂತಳು.

“ಅಜ್ಜಾರ, ಮೈಯಾಗ ಆರಾಮಿಲ್ಲೇನ್ರಿ? ಕೈ ಕೊಡ್ರಿ.”

ಅವರು ಕೊಟ್ಟರು. ಆಕೆ ಮಣಿಕಟ್ಟು ಹಿಡಿದು, ತನ್ನ ಗಡಿಯಾರ ನೋಡುತ್ತ ನಾಡಿ ಎಣಿಸಿದಳು.

“ನಾಡಿ ಚಲೋ ಐತ್ರಿ. ಒಂದೀಟು ನೀರ ಕುಡೀರಿ.”

ತಂದೆ ಮಗಳು ಬಸ್ಸು ಹತ್ತಿ ಹೋದರು.

ಹದಿನೆಂಟು ದಿನದ ಹಿಂದೆ ತಮ್ಮ ಬಾಗಿಲಿಗೆ ಬಂದಿದ್ದ ಬೇರೊಬ್ಬ ನರ್ಸಬಾಯಿಯನ್ನು ದುಂಡಪ್ಪನವರು ಯಾರ ಪೈಕಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ವಾಪಸು ಕಳಿಸಿದ್ದರು. ಈಗ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.