ಗಿರಿಜಾ ನಂಬಿ ಹೇಳಿದ್ದು

ಐವತ್ತೆರಡನೇ ಇಸವಿ. ಚಾಮರಾಜಪೇಟೆಯ ಲೇಡಿ ಡಾಕ್ಟರೊಬ್ಬರ ಜಗಲಿಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ, ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಮಗಳು. ಮಗಳ ಮಡಿಲಲ್ಲಿ ಕೂಸಿರಲಿಲ್ಲ.

"ಎದೆ ಇನ್ನೂ ನೋಯ್ತಿದ್ಯಾ, ಗಿರಿಜಾ?"

"ಕುಡಿಯೋ ಮಗೂನ ಅತ್ತೆ ಎತ್ಕೊಂಡು ಹೋದ್ರೆ ಹಾಲು ಕಟ್ಕೊಳ್ದೆ ಇನ್ನೇನಾಗತ್ತೆ?"

"ನಿನಗೆ ಗಾಳಿ ಸೋಕಿದೆ, ಆ ಹಾಲು ಮಗೂಗೆ ಬೇಡ ಅಂದ್ರು."

"ಹಾಲು ಕುಡಿಸೋವಾಗೆಲ್ಲ ಸುಮ್‌ಸುಮ್ನೆ ಅಳು ಬರತ್ತೆ ಅಂತ ನಿನ್ನೊಬ್ಬಳ ಹತ್ರ ಹೇಳಿದ್ದೆ. ಅವರಿಗೆ ಹೇಳ್ದೋರು ಯಾರು?"

"ಒಂದು ತಾಯತ ಕಟ್ಟಿಸ್ತಾರೆ ಅಂದ್ಕೊಂಡೆ ಕಣೇ."

ಮಗಳು ಮುಖ ತಿರುಗಿಸಿದಳು.

"ಅಳಬೇಡ್ವೇ. ನೀನು ಹುಟ್ಟಿದಾಗ ನನಗೂ ಹೀಗೇ ಆಗ್ತಿತ್ತು. ಆಮೇಲೆ ತಾನಾಗೇ ಹೋಯ್ತು."

"ಅತ್ತೆಗೆ ಅದನ್ನೂ ಹೇಳಿದ್ಯಾ?"

"ಅಯ್ಯೋ, ಅದನ್ನ ಹೇಗೆ ಹೇಳ್ಲಿ? ಬೀಗರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

ಒಳಗಿನಿಂದ ಗಿರಿಜಾಳ ಹೆಸರು ಕರೆದರು. ತಾಯಿಯೂ ಎದ್ದಳು.

"ನೀನು ಇಲ್ಲೇ ಕೂತಿರಮ್ಮ. ಒಳಗೆ ಆಡೋ ಮಾತಾದ್ರೂ ಒಳಗೇ ಇರ್ಲಿ."

ಗಿರಿಜಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.