ಲಾರಿಯ ಹೊಗೆ-ಪೆಟ್ಟಿಗೆ ಕಳವಿನ ಬಗ್ಗೆ ಮರುಹೇಳಿಕೆ

ನಾನು ಸೋಮವಾರ ಬೆಳಿಗ್ಗೆ ಇದೇ ಠಾಣೆಯಲ್ಲಿ ಕಳವಿನ ದೂರು ಕೊಟ್ಟವಳು. ವಯಸ್ಸು ನಲವತ್ತಾರು. ಮಧ್ಯಮ ಗಾತ್ರದ ಲಾರಿಗಳಿಗೆ ಕಡಿಮೆ ಹೊಗೆಯ ಡೀಸೆಲ್ ಇಂಜಿನ್ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇಂಜಿನಿಯರ್. ವಾಸ, ಕಾರ್ಖಾನೆಯ ಹಿಂದಿನ ವಸತಿಗೃಹ. ಹೆಸರು ಮತ್ತು ಮನೆ ಸಂಖ್ಯೆ ಮೊದಲ ದೂರಿನಲ್ಲಿ ಇದ್ದಂತೆಯೇ. ಆ ದೂರು ಕೊಟ್ಟ ಮೇಲೆ ನನಗೆ ಗೊತ್ತಾದದ್ದನ್ನು, ಯಾರ ಒತ್ತಾಯವೂ ಇಲ್ಲದೆ, ಈಗ ಬರೆಸುತ್ತಿದ್ದೇನೆ:

ನಮ್ಮ ಪರೀಕ್ಷಾ ಲಾರಿ ಮೂರು ವರ್ಷದಿಂದ ತರಕಾರಿ ಸಾಗಿಸುತ್ತಿದೆ. ಹೊಗೆಯಲ್ಲಿನ ಮಸಿಯನ್ನೂ ವಿಷಾನಿಲವನ್ನೂ ತಡೆಯುವ ಉಕ್ಕಿನ ಪೆಟ್ಟಿಗೆಯೊಂದು ಅದರ ಅಡಿಯಲ್ಲಿತ್ತು. ಒಳಗಿರುವುದು ಜೇನುಹುಟ್ಟಿನ ಹಾಗೆ ತೂತುಗಳಿರುವ ಪಿಂಗಾಣಿ, ಅದಕ್ಕೆ ಪ್ಲಾಟಿನಂ ಲೇಪನ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಮೇಲೂ ಅದೇ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡಿದರೆ ಮಾತ್ರ ನಮ್ಮ ಇಂಜಿನ್‌ಗೆ ಒಪ್ಪಿಗೆ ಸಿಗುತ್ತದೆ. ಎರಡು ವಾರದ ಓಟ ಬಾಕಿ ಇತ್ತು.

ಸೋಮವಾರ ಏಳು ಗಂಟೆಗೆ ಚಾಲಕ ಲಾರಿ ಶುರುಮಾಡುವ ಮುನ್ನ ಬಗ್ಗಿ ನೋಡಿ, ಮೇಡಂ, ಲಾರಿ ಹೊಟ್ಟೇನೇ ಕಿತ್ಕೊಂಡು ಹೋಗಿದಾರೆ ಎಂದು ಫೋನ್ ಮಾಡಿದ. ಒಂಬತ್ತಕ್ಕೆ ನಾನು ಠಾಣೆಗೆ ಬಂದೆ. ಠಾಣೆಯ ಬರಹಗಾರರು, ಸೈಲೆನ್ಸರ್ ಕಳವು ಅಂತ ಹಾಕಲಾ, ಒಂದು ಸೈಲೆನ್ಸರ್‌ಗೆ ಯಾರಾದ್ರೂ ಇಷ್ಟು ಅಳ್ತಾರಾ ಎಂದು ಕೇಳಿದರು. ಹಾಗೇ ಹಾಕಿ ಎಂದೆ. ಅದೇ ಮಧ್ಯಾಹ್ನ ಪೊಲೀಸರು ಲಾರಿ ನಿಲ್ಲಿಸುವ ನಮ್ಮ ಶೆಡ್ಡಿನ ಕಾವಲುಗಾರ ತಾತನನ್ನು ಕರೆದೊಯ್ದರು. ಭಾನುವಾರ ಶೆಡ್ಡಿನಲ್ಲಿ ಆತನೊಬ್ಬನೇ ಇದ್ದದ್ದು.

ಅವರು ಹೋದ ಮೇಲೆ ನಾನೇ ಲಾರಿಯಡಿ ಮಲಗಿ ನೋಡಿದೆ. ಪೈಪನ್ನು ಕೊಯ್ದಿರಲಿಲ್ಲ, ಬೋಲ್ಟ್ ಬಿಚ್ಚಿದ್ದರು. ತೆರೆದ ಪೈಪಿನ ಬಾಯಿಗೆ ಒಗೆದ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಬಿಚ್ಚಿದ ಪೈಪಿಗೆ ಧೂಳು ಹೋಗದಂತೆ ಬಾಯಿ ಕಟ್ಟಿಯೇ ಮೇಲೇಳಬೇಕು ಎಂಬುದು ನಮ್ಮ ವಿಭಾಗದ ಅಭ್ಯಾಸ. ಬಂದವರಿಗೆಲ್ಲ ನಾನೇ ಕಲಿಸಿದ್ದು. ಕದಿಯಲು ಬಂದವನಿಗೆ ಆ ಕಾಳಜಿ ಬೇಕಿಲ್ಲ. ಗಂಟು ಎಡಗೈಯವರು ಹಾಕಿದ್ದು. ನಾನು ಕಲಿಸಿದವರಲ್ಲಿ ಎಡಚ ಒಬ್ಬನೇ: ನಮ್ಮಲ್ಲಿ ನಾಲ್ಕು ವರ್ಷ ಫಿಟ್ಟರ್ ಆಗಿದ್ದು, ಆಮೇಲೆ ಸ್ವಂತ ಗ್ಯಾರೇಜ್ ಇಟ್ಟ ನನ್ನ ತಮ್ಮ.

ಆ ಬಟ್ಟೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಅದರಿಂದ ತನಿಖೆಗೆ ಅಡ್ಡಿಯಾಗುತ್ತದೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಟ್ಟೆಯನ್ನು ಈಗ ಹಾಜರುಪಡಿಸಿದ್ದೇನೆ.

ಬುಧವಾರ ಬೆಳಿಗ್ಗೆ ತಾತನ ಹೆಂಡತಿ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದರು. ಭಾನುವಾರ ಮಧ್ಯಾಹ್ನ ನನ್ನ ತಮ್ಮ ಬಂದು, ಅಕ್ಕ ಕಳಿಸಿದಾಳೆ ಎಂದು ಹೇಳಿದ್ದಕ್ಕೆ ತಾತ ಗೇಟು ತೆಗೆದನಂತೆ. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನಿಜವಾಗ್ಲೂ ನೀವೇ ಕಳಿಸಿದ್ರೇನೋ ಅಂತ. ಬಾಯಿ ಬಿಟ್ರೆ ಇಂಜಿನಿಯರಮ್ಮನ ಕೆಲಸಕ್ಕೆ ಕುತ್ತು ಅಂತಾರೆ ನಮ್ಮನೆಯವ್ರು’ ಎಂದರು.

ಹನ್ನೊಂದಕ್ಕೆ ನನ್ನ ತಮ್ಮನ ಗ್ಯಾರೇಜಿಗೆ ಹೋದೆ. ಒಂದು ಗಾಡಿಯೂ ಇರಲಿಲ್ಲ. ನನ್ನನ್ನು ಕಂಡು, ಬಾ ಅಕ್ಕ, ನಿಮ್ಮಂಥೋರ ಹೊಸ ಇಂಜಿನ್ ಬಂದ್ಮೇಲೆ ಇಲ್ಲಿಗೆ ನೊಣ ಬಿಟ್ಟು ಇನ್ಯಾರೂ ಬರಲ್ಲ ಎಂದು ನಕ್ಕ. ಅದು ಪೂರ್ತಿ ತಮಾಷೆಯಲ್ಲ. ಹೊಸ ಇಂಜಿನ್‌ಗಳ ದೋಷ ಹುಡುಕಲು ಕಂಪನಿಯ ಕಂಪ್ಯೂಟರ್ ಬೇಕು. ಬೀದಿ ಬದಿಯ ಗ್ಯಾರೇಜಿನಲ್ಲಿ ಅದಿಲ್ಲ. ಪೆಟ್ಟಿಗೆ ಎಲ್ಲಿ ಎಂದೆ. ಸ್ಟೂಲು ಒರೆಸಿ ನನ್ನನ್ನು ಕೂರಿಸಿದ. ಗುಜರಿಯವನಿಗೆ ಕೊಟ್ಟೆ, ಅವನು ಪ್ಲಾಟಿನಂಗೆ ಅಂತ ಸುತ್ತಿಗೆಯಲ್ಲಿ ಒಡೆದಾಯ್ತು ಎಂದ.

‘ಸ್ಟೋರಲ್ಲಿ ಹೊಸದು ಇತ್ತಲ್ಲ, ಅದನ್ನ ಮುಟ್ಟಲಿಲ್ಲ ಕಣಕ್ಕ. ನಿನಗೆ ಬೇಕಾಗುತ್ತೆ ಅಂತ. ಮಸಿ ಹಿಡಿದ ಹಳೇದು ತಾನೆ ತಗೊಂಡಿದ್ದು?’

ಹೊಸದು ಯಾವಾಗ ಬೇಕಾದರೂ ಸಿಗುತ್ತದೆ, ಮೂರು ವರ್ಷ ಓಡಿ ಹಳೆಯದಾಗಿದ್ದೇ ನನಗೆ ಬೇಕಿದ್ದದ್ದು ಎಂದೆ. ಆತ, ಚೂರುಗಳನ್ನ ತಂದ್ರೆ ಅಂಟಿಸೋಕೆ ಬರಲ್ವಾ ಎಂದು ಕೇಳಿದ. ಬರುವುದಿಲ್ಲ ಎಂದೆ. ನಂತರ ತಾತ ಠಾಣೆಯಲ್ಲಿರುವುದನ್ನು ತಿಳಿಸಿದೆ. ಅದು ಆತನಿಗೆ ಗೊತ್ತಿರಲಿಲ್ಲ. ಎದ್ದು ಕೈ ತೊಳೆದ, ಷಟರ್ ಎಳೆದ, ನಡಿ ಅಕ್ಕ ಎಂದ.

ಅವನ ಬೈಕಿನಲ್ಲೇ ಇಬ್ಬರೂ ಹೊರಟೆವು. ಅರ್ಧ ದಾರಿಯಲ್ಲಿ, ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಿಂದ ನೀರು ತರುತ್ತೇನೆಂದು ಇಳಿದೆ. ಒಳಗೆ ಸುಮಾರು ಇಪ್ಪತ್ತು ನಿಮಿಷ ನಿಂತಿದ್ದೆ. ನನಗೆ ಬಾಯಾರಿರಲಿಲ್ಲ. ಬೈಕಿನ ಕೀಲಿ ಅವನ ಹತ್ತಿರವೇ ಇತ್ತು. ಹೊರಗೆ ಬಂದಾಗ ಅವನು ಹೋಗಿರಲಿಲ್ಲ. ನನ್ನ ಸೀಟಿನ ಧೂಳು ಒರೆಸುತ್ತ ನಿಂತಿದ್ದ. ಒಂದು ಬಾಟ್ಲಿ ನೀರಿಗೆ ಎಷ್ಟೊತ್ತು, ಅಲ್ಲಿ ತಾತ ಕಾಯ್ತಿರಲ್ವಾ ಎಂದು ಬೈದ.

ಈಗ ಅವನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಕಾವಲುಗಾರ ತಾತನದು ಇದರಲ್ಲಿ ಯಾವ ತಪ್ಪೂ ಇಲ್ಲ, ಇಂದೇ ಮನೆಗೆ ಕಳಿಸಬೇಕೆಂದು ಕೋರುತ್ತೇನೆ. ಅವರ ಹೆಂಡತಿ ಗೇಟಿನ ಬಳಿ ಇದ್ದಾರೆ.

ಬರಹಗಾರರು ಇದನ್ನು ಓದಿ ಹೇಳಿದರು. ನಾನೂ ಒಮ್ಮೆ ಓದಿಕೊಂಡೆ. ಮೂರು ಕಡೆ ‘ಸದರಿ ಕಳ್ಳ’ ಎಂದು ಬರೆದಿದ್ದುದನ್ನು ‘ನನ್ನ ತಮ್ಮ’ ಎಂದು ತಿದ್ದಿಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಎಲ್ಲವೂ ನಡೆದದ್ದು ಹೀಗೆಯೇ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನ: ಬುಧವಾರ, ಮಧ್ಯಾಹ್ನ ಒಂದು ಗಂಟೆ
ಸಹಿ: (ದೂರುದಾರಳು, ಆರೋಪಿಯ ಅಕ್ಕ)