ಉರಿಯುತ್ತದೆ ಎಂದು ಬರೆಯಲೇ, ಬೇಡವೇ

ಈ ಸಂತಾಪ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ನಮ್ಮ ಅರಿವಳಿಕೆ ಡಾಕ್ಟರಮ್ಮನ ಯಜಮಾನರು, ಮಗಳು ಮುಂದೆ ಕುಳಿತಿದ್ದಾರೆ; ಅವರಿಗೆ ಕೈಮುಗಿಯುತ್ತೇನೆ. ನನ್ನ ದನಿ ಹಿಂದಿನವರಿಗೆ ಕೇಳದಿದ್ದರೆ ಕ್ಷಮಿಸಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುವ ಮಾಹಿತಿ ಪತ್ರ ಬರೆಯುವವಳು ನಾನು — ಮಾತಾಡುವವಳಲ್ಲ.

ಇವತ್ತು ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಟ್ರೇಯಲ್ಲಿ ಹಾಲಿನಂತಿರುವ ನಿದ್ದೆಯ ಔಷಧಿ, ಅದರ ಪಕ್ಕ ಮರಗಟ್ಟಿಸುವ ಔಷಧಿಯ ಸಿರಿಂಜು. ಡಾಕ್ಟರಮ್ಮ ಇಲ್ಲ — ಸಿಸ್ಟರ್ ಮಾತ್ರ ಎರಡನ್ನೂ ಜೋಡಿಸಿಟ್ಟಿದ್ದರು.

ಆ ಬಿಳಿ ಔಷಧಿ ರಕ್ತನಾಳಕ್ಕೆ ಹೋಗುವಾಗ ಉರಿಯುತ್ತದೆ. ಅದಕ್ಕೇ ಡಾಕ್ಟರಮ್ಮ ತೋಳಿಗೆ ಪಟ್ಟಿ ಬಿಗಿದು, ಮೊದಲು ಮರಗಟ್ಟಿಸುವುದನ್ನು ಕೊಟ್ಟು, ಕಾಯುತ್ತಿದ್ದರು. ಸರ್ಜನ್‌ಗೆ ತಾಳ್ಮೆ ಸಾಲದು. "ಹೇಗೂ ನಿದ್ದೆ ಹೋಗ್ತಾರಲ್ಲ ಮೇಡಂ, ಯಾರಿಗೆ ನೆನಪಿರುತ್ತೆ?"

"ನಾಳೆಗೆ ಮರೀತೀರಿ ಅಂತ ಈಗ ನಿಮ್ಮ ಕಾಲು ತುಳೀಲಾ ಸರ್?" ಅನ್ನುತ್ತಿದ್ದರು ಡಾಕ್ಟರಮ್ಮ.

(ಸರ್ ಇಲ್ಲೇ ಇದ್ದಾರೆ. ನಗುತ್ತಿದ್ದಾರೆ.)

ಅಷ್ಟೆಲ್ಲ ಮಾಡಿದರೂ ಕೆಲವರಿಗೆ ಉರಿಯುತ್ತದೆ. ಅದರ ಬಗ್ಗೆ ಮಾಹಿತಿ ಪತ್ರದಲ್ಲಿ ಒಂದೇ ಒಂದು ಸಾಲು ಬರೆಯಲು ಡಾಕ್ಟರಮ್ಮ ನನಗೆ ಹೇಳಿದ್ದರು. "ಸ್ವಲ್ಪ ಉರಿಯಬಹುದು" ಎಂದು ಬರೆದೆ. "ಹೆದರಿಸ್ತೀಯಲ್ಲೇ, ಓದಿದ್ರೇ ಕೈ ಉರಿಯುತ್ತೆ" ಅಂದರು. "ಏನೂ ಗೊತ್ತಾಗುವುದಿಲ್ಲ" ಎಂದು ತಿದ್ದಿದೆ. "ಸುಳ್ಳು ಯಾಕೆ ಬರೀತೀಯಾ?" ಅಂದರು. ಹಾಗಾದರೆ ಏನು ಬರೆಯಲಿ ಮೇಡಂ — ಎಂದು ಕೇಳುವ ಮೊದಲೇ ಹೋಗಿಬಿಟ್ಟರು.

ನನಗೆ ಅರ್ಥವಾಗುವುದಿಲ್ಲ. ಎಷ್ಟು ಯೋಚಿಸಿದರೂ ಅರ್ಥವಾಗುವುದಿಲ್ಲ. ಒಬ್ಬ ಬಸ್ ಡ್ರೈವರ್‌ಗೆ, "ಉರಿಯುತ್ತೆ ಕಣಪ್ಪ, ಬೇಕಾದ್ರೆ ನನ್ನ ಬೈಯಿ" ಎಂದಿದ್ದರು. ಅದೇ ದಿನ ನಡುಗುತ್ತಿದ್ದ ಒಬ್ಬ ಟೀಚರ್‌ಗೆ ಉರಿಯ ಮಾತೇ ಎತ್ತಲಿಲ್ಲ, ಅವರ ತಂಗಿಯ ಮದುವೆ ವಿಚಾರ ಕೇಳುತ್ತಾ ಸೂಜಿ ಹಾಕಿದರು. ಯಾವುದು ಸರಿ? ಇಬ್ಬರಿಗೂ ಮೊದಲು, "ಏನಾಗುತ್ತೆ ಅಂತ ಹೇಳ್ಲಾ, ಬೇಡ್ವಾ?" ಎಂದು ಕೇಳಿದ್ದರಂತೆ. ಸಿಸ್ಟರ್ ಈಗ ತಾನೇ ಹೇಳಿದರು.

ಪತ್ರ ನಾಳೆ ಅಚ್ಚಿಗೆ ಹೋಗಬೇಕು. ಆ ಸಾಲು ಅದರಲ್ಲಿ ಇರುವುದಿಲ್ಲ. ನಾಳೆಯಿಂದ ನಾನೇ ವಾರ್ಡಿಗೆ ಹೋಗಿ, ಪ್ರತಿಯೊಬ್ಬರ ಪಕ್ಕ ಕೂತು, "ಹೇಳ್ಲಾ, ಬೇಡ್ವಾ?" ಎಂದು ಕೇಳುತ್ತೇನೆ. ಬಾಯಿ ಒಣಗಬಹುದು, ತಪ್ಪೂ ಆಗಬಹುದು — ಆದರೂ ಹೋಗುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಮಾತು ಬೇಡ.